ನಲವತ್ಮೂರು ಪ್ರಶ್ನೆಗಳ ಪಾದ್ರಿ

ನಲವತ್ತು ನಿಮಿಷದ ನಾಟಕವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ ಕೊಡಿ ಎಂದು ನಗುನಗುತ್ತಾ ಕೇಳುವವರಿಗೆ ಏನು ಹೇಳಬೇಕು? ಆಯಿಶತ್ ಶಮೀಮಾ, ಬೇಸಿಗೆ ರಜೆಯನ್ನೆಲ್ಲ ನುಂಗಿದ ಆ ಹಾಳೆಗಳನ್ನು ಮಡಿಚಿ ಬ್ಯಾಗಿಗೆ ತುರುಕಿದಳು, ಎದುರಿಗಿಟ್ಟಿದ್ದ ಸಮೋಸಾ ಮುಟ್ಟದೆ ಎದ್ದು ಬಂದಳು. ಕಾರಿನಲ್ಲಿ ಕೂತ ಮೇಲೆ ಗಂಡ ಸಫ್ವಾನನ ಮೇಲೆ ರೇಗಿದಳು. ಅವನು ಪಾಪ, ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಅವಳನ್ನು ಕರೆದೊಯ್ಯಲು ಬಂದವನು. ನಾಟಕ ಕತ್ತರಿಸಿದ್ದರಲ್ಲಿ ಅವನ ಪಾಲು ಏನೂ ಇರಲಿಲ್ಲ.

ನಾಟಕ ಬರೆದದ್ದು ಆಬೆ ಗ್ರೆಗ್ವಾರ್ ಎಂಬ ಫ್ರೆಂಚ್ ಪಾದ್ರಿಯ ಮೇಲೆ. ಶಮೀಮಾ ಭಾರತೀಯ ಶಾಲೆಯೊಂದರಲ್ಲಿ ಇತಿಹಾಸದ ಟೀಚರ್. ಒಂಬತ್ತನೇ ತರಗತಿಗೆ ಫ್ರಾನ್ಸಿನ ಮಹಾಕ್ರಾಂತಿ ಕಲಿಸುವಾಗ ಎಲ್ಲೋ ಓದುತ್ತಾ ಈ ಮನುಷ್ಯ ಸಿಕ್ಕಿದ್ದ, ಸಿಕ್ಕವನು ಬಿಡಲಿಲ್ಲ. ದರ್ಜಿಯ ಮಗ. ಹಳ್ಳಿಯ ಚರ್ಚಿನ ಪಾದ್ರಿ. ದೊಡ್ಡ ದೊಡ್ಡ ಬಿಷಪ್ಪರು ಒಂದು ಕಡೆ ಕೂತರೆ ಇವನು ಎದ್ದು ಹೋಗಿ ಸಾಮಾನ್ಯರ ಸಭೆಯಲ್ಲಿ ಕೂತ. ಯಹೂದಿಗಳಿಗೂ ಪೌರರ ಹಕ್ಕು ಕೊಡಿ ಎಂದ. ಅರಸೊತ್ತಿಗೆ ರದ್ದು ಮಾಡಿ ಎಂದ. ಕಪ್ಪು ಜನರ ಗುಲಾಮಗಿರಿ ನಿಲ್ಲಬೇಕೆಂದು ಬದುಕಿನ ಕೊನೆಯವರೆಗೆ ಬಡಿದಾಡಿದ. ಆಮೇಲೆ ಅದೇ ಕ್ರಾಂತಿಯವರು ಧರ್ಮ ಬಿಡು ಎಂದಾಗ ಅಷ್ಟರಲ್ಲಿ ತಾನೂ ಬಿಷಪ್ ಆಗಿದ್ದವನು ಬಿಡುವುದಿಲ್ಲ ಎಂದು ಆ ನಿಲುವಂಗಿಯಲ್ಲೇ ಅವರ ನಡುವೆ ಕೂತಿದ್ದ. ಸಾಯುವಾಗ ಆರ್ಚ್‌ಬಿಷಪ್ ಅವನಿಗೆ ಕೊನೆಯ ಸಂಸ್ಕಾರ ಕೊಡಬಾರದು ಎಂದರು, ಇನ್ನೊಬ್ಬ ಪಾದ್ರಿ ಆ ಮಾತು ಮೀರಿ ಕೊಟ್ಟ. ಶವದ ಗಾಡಿಯ ಕುದುರೆ ಬಿಚ್ಚಿ ಪ್ಯಾರಿಸ್ಸಿನ ಹುಡುಗರು ತಾವೇ ಎಳೆದುಕೊಂಡು ಹೋದರು. ಇದೆಲ್ಲ ಕೇಳಿ ಸಫ್ವಾನ್ ಹೇಳಿದ್ದು ಇಷ್ಟೇ, ಪ್ರೀತಿ ಮಾಡಲಿಕ್ಕೆ ನಿನಗೆ ನಮ್ಮ ಕಡೆಯ ಮಸೀದಿಯ ಒಬ್ಬ ಮುಸ್ಲಿಯಾರೂ ಸಿಗಲಿಲ್ಲವಾ ಮಾರಾಯ್ತಿ ಅಂತ.

ನಾಟಕ ಬೇಕೆಂದು ಕೇಳಿದ್ದು ಮರುಭೂಮಿ ಕನ್ನಡ ಬಳಗದವರು, ನವೆಂಬರಿನ ರಾಜ್ಯೋತ್ಸವಕ್ಕೆ. ಅಧ್ಯಕ್ಷರು ಪುಟ್ಟಯ್ಯ, ಮಂಡ್ಯ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಸಾಂಸ್ಕೃತಿಕ ಕಾರ್ಯದರ್ಶಿ ವಿವೇಕ್, ಮೈಸೂರಿನ ಎಂಜಿನಿಯರ್, ಪಾದ್ರಿಯ ಪಾತ್ರವೂ ಅವನದೇ. ಇಬ್ಬರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಮೊದಲು ಅರಸನ ದೃಶ್ಯ ಹೋಯಿತು, ನಾವಿರುವ ಜಾಗ ನೋಡಬೇಕಲ್ಲ ಎಂದರು. ನಿಲುವಂಗಿಯ ಮೇಲಿನ ಶಿಲುಬೆ ಹೋಯಿತು. ಯಾರೂ ಬೇಡ ಎನ್ನುವ ಮೊದಲೇ ಇವರೇ ಬೇಡ ಎಂದರು. ಗುಲಾಮಗಿರಿಯ ದೃಶ್ಯವಾದರೂ ಉಳಿಯುತ್ತದೆ ಎಂದುಕೊಂಡಿದ್ದಳು, ನಾಟಕದ ಜೀವವೇ ಅದು. ಅದೂ ಹೋಯಿತು. ಕಾರ್ಯಕ್ರಮದ ಮುಖ್ಯ ಪ್ರಾಯೋಜಕರು ಊರಿನಿಂದ ಕೆಲಸಗಾರರನ್ನು ಕರೆಸಿ ಕಂಪನಿಗಳಿಗೆ ಒದಗಿಸುವವರು, ಮುಂದಿನ ಸಾಲಿನಲ್ಲಿ ಕೂರುವವರು, ಅವರಿಗೆ ಕಸಿವಿಸಿ ಆಗಬಾರದಂತೆ.

"ನೋಡಮ್ಮ, ಹೊಟ್ಟೆಪಾಡಿಗೆ ಬಂದಿರೋರು ನಾವು" ಎಂದರು ಪುಟ್ಟಯ್ಯ. "ರಾಜ, ಗುಲಾಮ ಇವೆಲ್ಲ ನಮಗ್ಯಾಕೆ? ಆ ಭಾಷೆ ಸೀನ್ ಇದ್ಯಲ್ಲ, ಅದು ಬಹಳ ಚೆನ್ನಾಗಿದೆ. ರಾಜ್ಯೋತ್ಸವಕ್ಕೆ ಹೇಳಿ ಮಾಡಿಸಿದಂಗಿದೆ."

ಶಮೀಮಾಗೆ ಮೈಯೆಲ್ಲ ಉರಿದದ್ದು ಆಗ. ಆ ಭಾಷೆಯ ದೃಶ್ಯವನ್ನು ಅವಳು ಬರೆದದ್ದೇ ಪಾದ್ರಿಯ ತಪ್ಪು ತೋರಿಸಲು. ಅಷ್ಟೆಲ್ಲ ಒಳ್ಳೆಯದು ಮಾಡಿದ ಅದೇ ಗ್ರೆಗ್ವಾರ್ ಊರೂರಿಗೆ ನಲವತ್ಮೂರು ಪ್ರಶ್ನೆಗಳ ಪತ್ರ ಕಳಿಸಿದ್ದ. ನಿಮ್ಮ ಹಳ್ಳಿಯವರು ಮನೆಯಲ್ಲಿ ಏನು ಮಾತಾಡುತ್ತಾರೆ, ಅದನ್ನು ಪೂರ್ತಿ ಇಲ್ಲದಂತೆ ಮಾಡಿದರೆ ಏನು ಲಾಭ, ಹಾಗೆ ಮಾಡುವ ದಾರಿ ಯಾವುದು, ಹೀಗೆ. ನಾಲ್ಕು ವರ್ಷದ ನಂತರ ಸಭೆಯಲ್ಲಿ ನಿಂತು ಈ ಹಳ್ಳಿಮಾತುಗಳನ್ನೆಲ್ಲ ಅಳಿಸಬೇಕು ಎಂದ. ಮನುಷ್ಯರ ಬೇಡಿ ಬಿಚ್ಚಲು ಹೊರಟವನಿಗೆ ಅವರ ಬಾಯಿ ಕಟ್ಟುತ್ತಿದ್ದೇನೆ ಎಂದು ಯಾಕೆ ತೋಚಲಿಲ್ಲ? ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಶಮೀಮಾಗೆ ಅದೊಂದು ಮುಳ್ಳಾಗಿ ಚುಚ್ಚುತ್ತಿತ್ತು. ಅವಳ ನಾಟಕದಲ್ಲಿ ಪಾದ್ರಿ ಹಳ್ಳಿಯವರ ಮುಂದೆ ನಿಂತು ಪ್ರಶ್ನೆ ಕೇಳುತ್ತಾನೆ, ಒಬ್ಬ ಮುದುಕ ರೈತ ಎದ್ದು ಉತ್ತರಿಸುತ್ತಾನೆ, ಪಾದ್ರಿಗೆ ಮುಂದೆ ಮಾತು ಹೊರಡುವುದಿಲ್ಲ. ಬಳಗದವರಿಗೆ ಅದೊಂದು ದೃಶ್ಯ ಸಾಕಂತೆ. ಕೊನೆಯಲ್ಲಿ ಪಾದ್ರಿ ಕೈ ಎತ್ತಬೇಕಂತೆ, ರೈತರೆಲ್ಲ ಒಂದೇ ನಾಡು ಒಂದೇ ನುಡಿ ಎಂದು ಘೋಷಣೆ ಕೂಗಬೇಕಂತೆ, ತಕ್ಷಣ ಬಾವುಟ.

ನಾಟಕ ವಾಪಸು ತೆಗೆದುಕೊಂಡು ಮನೆಯಲ್ಲಿ ಕೂರಬಹುದಿತ್ತು. ಕೂರದಿದ್ದುದಕ್ಕೆ ಕಾರಣ ಪುತ್ತಬ್ಬ.

ಪುತ್ತಬ್ಬ ಅವಳ ಶಾಲೆಯ ಬಸ್ಸಿನ ಡ್ರೈವರ್. ಉಪ್ಪಿನಂಗಡಿ ಕಡೆಯವರು, ವಯಸ್ಸು ಐವತ್ತೆರಡು, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷ. ಮಂಗಫ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಮೊದಲು ಹತ್ತುವವಳು ಶಮೀಮಾ. ಮಕ್ಕಳು ಹತ್ತುವವರೆಗೆ ಇಬ್ಬರೂ ಬ್ಯಾರಿಯಲ್ಲಿ ಊರಿನ ಸುದ್ದಿ ಮಾತಾಡುತ್ತಿದ್ದರು. ಒಂದು ದಿನ ಅವಳು ರೈತನ ಮಾತನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದಾಗ ಪುತ್ತಬ್ಬ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು. ಇದನ್ನು ನನಗೆ ಕೊಡ್ತೀರಾ ಎಂದು ಕೇಳಿದರು.

ಆ ದಿನ ಸಂಜೆ ಬಳಗದ ಕೋಣೆಯಲ್ಲಿ ಹೇಳಿಯೂ ತೋರಿಸಿದರು. ಕಾಗದ ಹಿಡಿಯಲಿಲ್ಲ, ಓದಲು ಅಷ್ಟು ಬಾರದು. ಬಸ್ಸಿನಲ್ಲಿ ಕೇಳಿದ್ದನ್ನೇ ತಮ್ಮ ಬಾಯಿಗೆ ಬಂದ ಕನ್ನಡದಲ್ಲಿ, ನಡುನಡುವೆ ಬ್ಯಾರಿ ಸೇರಿಸಿ ಹೇಳಿದರು. ಒಂದು ನಿಮಿಷವೂ ಇರಲಿಕ್ಕಿಲ್ಲ. ಮೊಬೈಲು ನೋಡುತ್ತಿದ್ದವರು ತಲೆ ಎತ್ತಿದರು. ಒಬ್ಬರು ಮಾತ್ರ ಕೊನೆಯಲ್ಲಿ ಕಿಸಕ್ಕನೆ ನಕ್ಕರು, ಭಾವ ಸೂಪರ್, ಕನ್ನಡ ಮಾತ್ರ ಪಕ್ಕಾ ಬ್ಯಾರಿ ಕನ್ನಡ ಎಂದರು. ಅಷ್ಟು ಸಾಕಾಯಿತು ಶಮೀಮಾಗೆ. ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ನಿಂತಾಗ ಇದೇ ನಗು ಅವಳ ಕಿವಿಗೂ ಬಿದ್ದಿತ್ತು, ಆ ಕಿಚ್ಚಿಗೆ ವರ್ಷಗಟ್ಟಲೆ ಕೂತು ನಾಲಗೆ ತಿದ್ದಿಕೊಂಡಿದ್ದಳು. ಪುತ್ತಬ್ಬನ ಮೇಲೆ ಯಾರೂ ನಗಬಾರದು ಎಂದು ಅಲ್ಲೇ ನಿಶ್ಚಯ ಮಾಡಿದಳು.

ಮರುದಿನ ಬಸ್ಸು ಹತ್ತುತ್ತಲೇ ಹೇಳಿದಳು.

"ಪುತ್ತಬ್ಬಾಕ, ನಾಟಕ ಮುಗಿಯುವವರೆಗೆ ನಮ್ಮೊಳಗೆ ಬ್ಯಾರಿ ಬೇಡ. ನನ್ನತ್ರ ಕನ್ನಡದಲ್ಲೇ ಮಾತಾಡಿ. ನಾಲಗೆ ತಿರುಗ್ಬೇಕಲ್ಲ."

ಆಗಲಿ ಟೀಚರ್ ಎಂದರು ಪುತ್ತಬ್ಬ. ಅವತ್ತಿನಿಂದ ದಿನಕ್ಕೆ ಇಪ್ಪತ್ತು ನಿಮಿಷ ಪಾಠ. ಅಲ್ಲಿ ಹಾಗಲ್ಲ, ಹೀಗೆ. ಆ ಅಕ್ಷರ ಹೊಟ್ಟೆಯಿಂದ ಬರಬೇಕು. ಈ ಪದ ಬೇಡ, ಅದು ನಮ್ಮ ಮನೆಯದ್ದು, ವೇದಿಕೆಗೆ ಆಗುವುದಿಲ್ಲ. ಪುತ್ತಬ್ಬ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ತುಟಿ ಕಚ್ಚಿ ಕಲಿತರು. ಕಲಿತದ್ದು ಮರುದಿನಕ್ಕೆ ಮರೆತರು, ಮತ್ತೆ ಕಲಿತರು. ಊರಿನ ಸುದ್ದಿ ನಿಂತುಹೋಯಿತು. ಮೊದಲೆಲ್ಲ ಹರಟುತ್ತಿದ್ದ ಮನುಷ್ಯ ಈಗ ಬಾಯಿ ತೆರೆಯುವ ಮೊದಲು ಒಂದು ಕ್ಷಣ ತಡೆದು ಯೋಚಿಸುತ್ತಿದ್ದರು. ಸುಧಾರಿಸುತ್ತಿದ್ದಾರೆ ಎಂದುಕೊಂಡಳು ಶಮೀಮಾ. ಎಂಥ ಟೀಚರಮ್ಮ ನೋಡಿ!

ಇಷ್ಟು ಯಾಕೆ ಒದ್ದಾಡುತ್ತಿದ್ದಾರೆ ಎಂಬುದು ತಿಳಿದದ್ದು ಅಕ್ಟೋಬರಿನಲ್ಲಿ. ಪುತ್ತಬ್ಬನ ಹೆಂಡತಿ ಬೀಫಾತಿಮಾಗೆ ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆ ಕಣ್ಣು ಹೋಗಿತ್ತು. ಹೋದರೂ ಅವಳಿಗೆ ದೊಡ್ಡ ವ್ಯತ್ಯಾಸ ಆಗಲಿಲ್ಲ ಟೀಚರ್ ಎಂದರು ಪುತ್ತಬ್ಬ, ನಗುತ್ತಲೇ. ಮದುವೆಯಾಗಿ ಇಪ್ಪತ್ತೇಳು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷ ಫೋನಿನಲ್ಲೇ ಸಂಸಾರ. ಮೊದಲಿನಿಂದಲೂ ಅವಳಿಗೆ ಗಂಡ ಎಂದರೆ ಧ್ವನಿ. ಬಳಗದ ಕಾರ್ಯಕ್ರಮ ಮೊಬೈಲಿನಲ್ಲಿ ನೇರ ಬರುತ್ತದಲ್ಲ, ಮಗಳು ಮುರ್ಶಿದಾ ಫೋನು ಹಿಡಿದು ಕೂರುತ್ತಾಳೆ, ಅಕ್ಕಪಕ್ಕದವರೆಲ್ಲ ಬರುತ್ತಾರೆ. ಗಂಡ ದೊಡ್ಡ ಸಭೆಯಲ್ಲಿ ನಿಂತು ಮಾತಾಡುವುದನ್ನು ಬೀಫಾತಿಮಾ ಕೇಳಬೇಕು. ಯಾವ ದಿನ, ಎಷ್ಟು ಗಂಟೆ ಎಂದೆಲ್ಲ ಆಗಲೇ ಹೇಳಿಯಾಗಿತ್ತು.

ಹಾಗಾಗಿ ಶಮೀಮಾ ನಾಟಕವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ ಕೊಟ್ಟಳು. ಅರಸ ಹೋಗಲಿ, ಶಿಲುಬೆ ಹೋಗಲಿ, ಪುತ್ತಬ್ಬನ ಒಂದು ನಿಮಿಷ ಉಳಿದರೆ ಸಾಕು ಎಂದುಕೊಂಡಳು.

ಆದರೆ ಬಳಗದ ನಾಟಕಗಳಲ್ಲಿ ಯಾರೂ ವೇದಿಕೆಯ ಮೇಲೆ ಮಾತಾಡುವುದಿಲ್ಲ. ಎಲ್ಲರೂ ಪಾಳಿ ಕೆಲಸದವರು, ಒಟ್ಟಿಗೆ ಸೇರುವುದೇ ಕಷ್ಟ. ಮಕ್ಕಳಿಗೆ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟರೂ ನಡುವೆ ಮರೆತುಹೋಗುತ್ತದೆ. ಆದ್ದರಿಂದ ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ, ಸಂಗೀತ ಸೇರಿಸಿ, ಅವತ್ತು ಲ್ಯಾಪ್‌ಟಾಪಿನಿಂದ ಬಿಡುವುದು. ವೇದಿಕೆಯ ಮೇಲಿನವರು ಅದಕ್ಕೆ ಸರಿಯಾಗಿ ತುಟಿ ಆಡಿಸುವುದು. ಹತ್ತು ವರ್ಷದಿಂದ ಹೀಗೆಯೇ ನಡೆದಿದೆ, ಯಾರಿಗೂ ಇದರಲ್ಲಿ ವಿಚಿತ್ರ ಕಂಡಿಲ್ಲ.

ರೆಕಾರ್ಡಿಂಗ್ ವಿವೇಕನ ಫ್ಲಾಟಿನ ಮಲಗುವ ಕೋಣೆಯಲ್ಲಿ, ಕಿಟಕಿಗೆ ರಜಾಯಿ ಕಟ್ಟಿ, ಎ.ಸಿ. ಆರಿಸಿ. ಪುತ್ತಬ್ಬ ಮೈಕಿನ ಮುಂದೆ ನಿಂತರು. ಎರಡನೇ ಪದಕ್ಕೆ ನಿಲ್ಲಿಸಿದರು. ತಾವೇ ತಪ್ಪು ಹಿಡಿದುಕೊಂಡು ಮತ್ತೆ ಶುರು ಮಾಡಿದರು. ಮತ್ತೆ ನಿಲ್ಲಿಸಿದರು. ಪ್ರತಿ ಪದಕ್ಕೂ ಶಮೀಮಾಳ ಮುಖ ನೋಡುತ್ತಿದ್ದರು, ಸರಿಯಾ ಟೀಚರ್ ಎನ್ನುವಂತೆ. ಹನ್ನೊಂದು ಸಲ ಆಯಿತು. ಬೆವರು ಗಡ್ಡದಿಂದ ಇಳಿಯುತ್ತಿತ್ತು. ಹನ್ನೆರಡನೆಯ ಸಲಕ್ಕೆ ವಿವೇಕ್ ಅವರ ಹೆಗಲ ಮೇಲೆ ಕೈ ಹಾಕಿದ.

"ಬಿಡಿ ಪುತ್ತಬ್ಬ, ವಾಯ್ಸ್ ನಾನು ಕೊಡ್ತೀನಿ. ಸ್ವಲ್ಪ ಮುದುಕನ ತರ ಮಾಡಿದ್ರಾಯ್ತು. ನೀವು ತುಟಿ ಆಡಿಸಿ, ನಿಮ್ಮ ಆಕ್ಷನ್ ಸೂಪರಾಗಿದೆ."

ಪುತ್ತಬ್ಬ ಶಮೀಮಾಳನ್ನು ನೋಡಿದರು. ಅವಳು ನೆಲ ನೋಡಿದಳು. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ಅವಳಿಗೆ ಹಗುರವಾಯಿತು, ಒಬ್ಬರಾದರೂ ಈ ಸಂಕಟ ಮುಗಿಸಿದರಲ್ಲ ಎಂದು. ವಿವೇಕ್ ಒಂದೇ ಸಲಕ್ಕೆ ಹೇಳಿ ಮುಗಿಸಿದ. ಪಾದ್ರಿ ಕೇಳಿದ್ದೂ ಅವನೇ, ರೈತ ಉತ್ತರಿಸಿದ್ದೂ ಅವನೇ.

ಮರುದಿನ ಬಸ್ಸಿನಲ್ಲಿ ಪುತ್ತಬ್ಬ ಕನ್ನಡದಲ್ಲಿ, ಒಂದೊಂದೇ ಪದ ಜೋಡಿಸಿ ಕೇಳಿದರು.

"ಟೀಚರ್, ಅವ್ಳಿಗೆ ಗೊತ್ತಾಗ್ತದಾ?"

ಆವತ್ತು ಶಮೀಮಾಗೆ ಪಾಠ ಮಾಡಲು ಆಗಲಿಲ್ಲ. ಮಧ್ಯಾಹ್ನವೇ ವಿವೇಕನಿಗೆ ಫೋನು ಮಾಡಿ ಮತ್ತೆ ರೆಕಾರ್ಡ್ ಮಾಡೋಣ ಎಂದಳು. ಆಗಲ್ಲ ಮೇಡಂ, ಮಿಕ್ಸಿಂಗ್ ಎಲ್ಲ ಖಲಾಸ್ ಎಂದ. ಒಂದು ನಿಮಿಷದ ಮಾತು ಅಷ್ಟೇ ಎಂದಳು. ಅವರ ಉಚ್ಚಾರ ನೀವೇ ಕೇಳಿದ್ರಲ್ಲ, ಜನ ನಕ್ಕರೆ ಅವರಿಗೇ ಬೇಜಾರು ಎಂದ. ಅದು ಅವಳದೇ ಮಾತು, ಅವಳಿಗೇ ವಾಪಸು ಬಂತು. ಪುಟ್ಟಯ್ಯನವರಿಗೆ ಫೋನು ಮಾಡಿದಳು. ಅವರು ಸಮಾಧಾನ ಮಾಡಿದರು, ಪುತ್ತಬ್ಬನಿಗೂ ಒಂದು ಸ್ಮರಣಿಕೆ ಕೊಡಿಸುವ ವ್ಯವಸ್ಥೆ ಮಾಡುತ್ತೇನೆ ಎಂದರು. ಸ್ಮರಣಿಕೆಯನ್ನು ಬೀಫಾತಿಮಾ ಕಿವಿಗೆ ಇಟ್ಟುಕೊಳ್ಳಬೇಕಾ ಎಂದು ಕೇಳಬೇಕೆನಿಸಿತು, ಫೋನು ಇಟ್ಟಳು. ನಲವತ್ಮೂರು ಪ್ರಶ್ನೆ ಕಳಿಸಿದ ಪಾದ್ರಿಯ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡಿದ್ದವಳು ತಾನು. ತನ್ನ ಬಸ್ಸಿನಲ್ಲಿ ತಾನೇ ಬ್ಯಾರಿ ಬೇಡ ಎಂದವಳು. ಯಾರ ಮೇಲೆ ರೇಗುವುದು?

ಕಾರ್ಯಕ್ರಮ ಶುಕ್ರವಾರ ಸಂಜೆ, ಶಾಲೆಯೊಂದರ ಸಭಾಂಗಣದಲ್ಲಿ. ನಾಲ್ಕಕ್ಕೆ ಎಂದಿದ್ದದ್ದು ಐದೂಕಾಲಿಗೆ ಶುರುವಾಯಿತು. ಸ್ವಾಗತ ಭಾಷಣ, ಅಧ್ಯಕ್ಷರ ಭಾಷಣ, ಪ್ರಾಯೋಜಕರಿಗೆ ಶಾಲು, ಹಾರ, ಪೇಟ. ಕನ್ನಡ ನಮ್ಮ ಉಸಿರು ಎಂದು ಮೂವರು ಬೇರೆ ಬೇರೆ ಹೇಳಿದರು, ಅವರ ಮಕ್ಕಳು ಹಿಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ನಾಟಕದ ಸರದಿ ಬಂದಾಗ ಏಳಾಗಿತ್ತು. ಶಮೀಮಾಗೆ ಕೊಟ್ಟ ಕೆಲಸ ವೇದಿಕೆಯ ಬದಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಧ್ವನಿ ಬಿಡುವುದು. ಎದುರಿನ ಪರದೆಯ ಹಿಂದೆ ಪುತ್ತಬ್ಬ ತಲೆಗೆ ಮುಂಡಾಸು ಕಟ್ಟಿ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ಮೂರು ವಾರ ಅದನ್ನೇ ಅಭ್ಯಾಸ ಮಾಡಿದ್ದರು, ವಿವೇಕನ ಧ್ವನಿಯನ್ನು ಮೊಬೈಲಿಗೆ ಹಾಕಿಸಿಕೊಂಡು. ಹೆಂಡತಿಗೆ ಈ ವಿಷಯ ಹೇಳಿರಲಿಲ್ಲ. ಇವಳನ್ನು ಕಂಡು ಫೋನು ತೋರಿಸಿದರು, ಊರಿನಲ್ಲಿ ಎಲ್ಲರೂ ಕೂತಾಗಿದೆ ಎಂದು ಕೈಸನ್ನೆ ಮಾಡಿದರು.

ನಾಟಕ ಶುರುವಾಯಿತು. ಕಪ್ಪು ನಿಲುವಂಗಿಯ ವಿವೇಕ್ ಗಂಭೀರವಾಗಿ ಓಡಾಡಿದ. ಸ್ಪೀಕರಿನಿಂದ ಅವನ ಧ್ವನಿ ಪ್ರಶ್ನೆ ಕೇಳಿತು, ನಿಮ್ಮ ಮನೆಯಲ್ಲಿ ನೀವು ಆಡುವ ಮಾತು ಯಾವುದು ಎಂದು. ಪುತ್ತಬ್ಬ ರೈತರ ನಡುವಿನಿಂದ ಎದ್ದು ಮುಂದೆ ಬಂದರು. ಇನ್ನೊಂದು ಕ್ಷಣದಲ್ಲಿ ಉಪ್ಪಿನಂಗಡಿಯ ಮನೆಯಲ್ಲಿ ಕೂತ ಹೆಂಗಸಿನ ಕಿವಿಗೆ ಮೈಸೂರಿನ ಎಂಜಿನಿಯರನ ಧ್ವನಿ ಬೀಳುತ್ತದೆ, ಇದೇ ನಿನ್ನ ಗಂಡ ಎಂದು. ಸಾಕಾಯಿತು ಇವರ ಸಹವಾಸ. ಶಮೀಮಾ ಸ್ಪೀಕರಿನ ಧ್ವನಿಯನ್ನು ಪೂರ್ತಿ ಕೆಳಗಿಳಿಸಿಬಿಟ್ಟಳು.

ಸಭಾಂಗಣ ಗಪ್‌ಚುಪ್. ಹೇಳಿ ಪುತ್ತಬ್ಬಾಕ, ಎಂದು ಒಳಗೊಳಗೇ ಕೂಗಿದಳು. ಹೇಗೆ ಬರುತ್ತದೋ ಹಾಗೆ ಹೇಳಿ, ತಪ್ಪು ಹೇಳಿ, ಬ್ಯಾರಿಯಲ್ಲೇ ಹೇಳಿ, ಯಾರು ನಗುತ್ತಾರೋ ನೋಡೋಣ.

ಪುತ್ತಬ್ಬ ಬಾಯಿ ತೆರೆದರು. ತುಟಿ ಆಡಿತು. ಸದ್ದು ಬರಲಿಲ್ಲ. ಒಂದು ಪದ, ಎರಡು ಪದ, ಒಂದು ವಾಕ್ಯ. ಸ್ಪೀಕರು ಕೆಟ್ಟಿದೆ ಎಂದುಕೊಂಡರೋ ಏನೋ, ಕಣ್ಣು ಅಗಲವಾಯಿತು, ಆದರೆ ತುಟಿ ನಿಲ್ಲಲಿಲ್ಲ. ಕೈ ಎತ್ತುವಲ್ಲಿ ಎತ್ತಿದರು, ಎದೆ ಮುಟ್ಟುವಲ್ಲಿ ಮುಟ್ಟಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ ಸೌಂಡ್, ಸೌಂಡ್ ಎಂದು ಕೂಗಿದರು, ಶಿಳ್ಳೆ ಬಿತ್ತು. ಪಾದ್ರಿಯ ವೇಷದ ವಿವೇಕ್ ಬದಿಗೆ ತಿರುಗಿ ಅವಳನ್ನು ಸುಡುವಂತೆ ನೋಡಿದ. ಶಮೀಮಾಳ ಬೆರಳು ಗುಂಡಿಯ ಮೇಲೇ ಇತ್ತು. ಈಗ ಮೇಲೆ ಮಾಡಿದರೆ ವಿವೇಕನ ಧ್ವನಿ, ಮಾಡದಿದ್ದರೆ ಏನೂ ಇಲ್ಲ. ಐವತ್ತು ಸೆಕೆಂಡು ಪುತ್ತಬ್ಬ ಆ ಗಲಾಟೆಯ ನಡುವೆ ಬಾಯಿ ತೆರೆದು ಮುಚ್ಚಿದರು, ಕೊನೆಯ ಪದಕ್ಕೆ ತಲೆ ಬಾಗಿಸಿದರು, ತಮ್ಮ ಜಾಗಕ್ಕೆ ಹೋಗಿ ಕೂತರು. ಅವಳು ಧ್ವನಿ ಏರಿಸಿದಳು. ಪಾದ್ರಿಯ ಮುಂದಿನ ಮಾತು ಸರಿಯಾದ ಹೊತ್ತಿಗೆ ಬಂತು. ಘೋಷಣೆ ಬಂತು, ಬಾವುಟ ಬಂತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಪುತ್ತಬ್ಬ ನೇರ ಅವಳ ಹತ್ತಿರ ಬಂದರು, ಮುಂಡಾಸು ಕೈಯಲ್ಲಿ ಹಿಡಿದು.

"ಸ್ಪೀಕರ್ ಹೋಯ್ತಲ್ಲ ಟೀಚರ್. ಆದ್ರೂ ನಾನು ನಿಲ್ಲಿಸ್ಲಿಲ್ಲ. ಒಂದು ಅಕ್ಷರ ಬಿಡ್ಲಿಲ್ಲ."

"ಸ್ಪೀಕರ್ ಹೋದದ್ದಲ್ಲ. ನಾನೇ ಆಫ್ ಮಾಡಿದ್ದು" ಎಂದಳು ಶಮೀಮಾ. "ನೀವು ನಿಮ್ಮ ಬಾಯಲ್ಲೇ ಹೇಳ್ಲಿ ಅಂತ."

ಪುತ್ತಬ್ಬನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು.

"ಮೊದ್ಲೇ ನನ್ನತ್ರ ಹೇಳ್ಬಾರ್ದಿತ್ತಾ ಟೀಚರ್" ಎಂದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬೀಫಾತಿಮಾ. ಪುತ್ತಬ್ಬ ಎತ್ತಿದರು. ಆ ಕಡೆಯ ಧ್ವನಿ ಅಷ್ಟು ದೂರಕ್ಕೂ ಸ್ಪಷ್ಟವಾಗಿ ಕೇಳುತ್ತಿತ್ತು, ಖುಷಿಯಲ್ಲೇ ಇತ್ತು. ನಿಮ್ಮ ಸರದಿ ಬರುವಾಗಲೇ ಸರಿಯಾಗಿ ನೆಟ್ ಹಾಳಾಯ್ತು, ಬರೀ ಬೊಬ್ಬೆ ಕೇಳ್ತಿತ್ತು ಎಂದು ಬ್ಯಾರಿಯಲ್ಲಿ ಹೇಳುತ್ತಿದ್ದಳು. ಪರವಾಗಿಲ್ಲ, ಎಲ್ಲರೂ ಇಲ್ಲೇ ಕೂತಿದ್ದಾರೆ, ಯಾರೂ ಎದ್ದಿಲ್ಲ, ಈಗ ಫೋನಿನಲ್ಲೇ ಒಮ್ಮೆ ಹೇಳಿ, ನಿಮ್ಮ ಮಾತಿನಲ್ಲೇ ಹೇಳಿ, ಕೇಳ್ತೇವೆ ಎಂದಳು.

ಪುತ್ತಬ್ಬ ಫೋನನ್ನು ಬಾಯಿಯ ಹತ್ತಿರ ತಂದರು. ತುಟಿ ತೆರೆಯಿತು. ಅಷ್ಟಕ್ಕೇ ನಿಂತಿತು. ಮತ್ತೊಮ್ಮೆ ತೆರೆಯಿತು. ಆಮೇಲೆ ಫೋನಿನ ಮೇಲೆ ಅಂಗೈ ಮುಚ್ಚಿ ಶಮೀಮಾಳ ಕಡೆ ಬಗ್ಗಿದರು.

"ಟೀಚರ್" ಎಂದರು ಮೆಲ್ಲಗೆ. "ಆ ಮೊದಲ ದಿನ ನಾನು ಹೇಳಿದ್ದು. ಶುರು ಹೇಗೆ ಇತ್ತು?"

ಶಮೀಮಾ ನೆನಪಿಸಿಕೊಳ್ಳಲು ನೋಡಿದಳು. ಬಳಗದ ಕೋಣೆ ನೆನಪಾಯಿತು, ತಲೆ ಎತ್ತಿದ ಜನ ನೆನಪಾದರು, ಆ ಒಂದು ನಗು ನೆನಪಾಯಿತು. ಅವಳು ತಿದ್ದಿದ್ದೆಲ್ಲ ಒಂದೊಂದು ಅಕ್ಷರವೂ ಬಾಯಿಪಾಠವಿತ್ತು. ಪುತ್ತಬ್ಬ ಹೇಳಿದ್ದು ಮಾತ್ರ ಒಂದು ಪದವೂ ನೆನಪಿರಲಿಲ್ಲ.